ಮಾಳಿಗೆ ಮನೆಗಳ ಮುಯ್ಯಾಳು ದುರಸ್ತಿ

ಮಾಳಿಗೆ ಮನೆಗಳ ಮುಯ್ಯಾಳು ದುರಸ್ತಿ ಎಂಬುದು ಉತ್ತರ ಕರ್ನಾಟಕದ ಬಯಲುಸೀಮೆಯ ಹಳ್ಳಿಗಳಲ್ಲಿ ಮಣ್ಣಿನ ಮೇಲ್ಛಾವಣಿಯುಳ್ಳ ಮನೆಗಳನ್ನು ಮಳೆಗಾಲಕ್ಕೆ ಮುನ್ನ ನೆರೆಹೊರೆಯವರು ಒಟ್ಟುಗೂಡಿ, ಕೂಲಿ ಪಡೆಯದೆ ಸರಿಪಡಿಸಿಕೊಡುವ ರೂಢಿಯಾಗಿದೆ. ಇಂದು ಒಬ್ಬರ ಮನೆಗೆ ದುಡಿದವರ ಮನೆಗೆ ನಾಳೆ ಆ ಮನೆಯವರು ಬಂದು ದುಡಿಯುವುದು ಇದರ ನಿಯಮ. ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ತಾಲ್ಲೂಕುಗಳನ್ನೂ ಸುತ್ತಲಿನ ಧಾರವಾಡ, ಹಾವೇರಿ, ಕೊಪ್ಪಳ, ಬಾಗಲಕೋಟೆ ಜಿಲ್ಲೆಗಳನ್ನೂ ಒಳಗೊಂಡ ಪ್ರದೇಶದಲ್ಲಿ ಇಂತಹ ಮನೆಗಳನ್ನು ಮಾಳಿಗೆ ಮನೆ ಅಥವಾ ಮೇಲ್ಮುದ್ದೆ ಮನೆ ಎಂದು ಕರೆಯಲಾಗುತ್ತದೆ. ಮಣ್ಣಿನ ಮಾಳಿಗೆಯು ಪ್ರತಿವರ್ಷ ಆರೈಕೆಯನ್ನು ಬಯಸುವುದರಿಂದಲೂ, ಆ ಕೆಲಸ ಒಂದು ಕುಟುಂಬದ ಕೈಗೆ ಮೀರಿದ್ದಾದುದರಿಂದಲೂ ನೆರೆಯವರ ನೆರವು ಇಲ್ಲಿ ಉಪಕಾರಕ್ಕಿಂತ ಹೆಚ್ಚಾಗಿ ಅಗತ್ಯವಾಗಿ ಬೆಳೆದುಬಂದಿದೆ.

ಹೆಸರು ಮತ್ತು ಅರ್ಥ

ಕನ್ನಡದಲ್ಲಿ ‘ಮುಯ್ಯಿ’ ಎಂದರೆ ಪಡೆದುದಕ್ಕೆ ಪ್ರತಿಯಾಗಿ ಕೊಡುವುದು. ಮದುವೆ ಮುಂತಾದ ಶುಭಕಾರ್ಯಗಳಲ್ಲಿ ಕೊಡುವ ಉಡುಗೊರೆಗೂ ಈ ಮಾತು ಸಲ್ಲುತ್ತದೆ. ‘ಮುಯ್ಯಿಗೆ ಮುಯ್ಯಿ’ ಎಂಬ ಮಾತು ಸೇಡಿನ ಅರ್ಥದಲ್ಲಿಯೂ ಬಳಕೆಯಲ್ಲಿದೆ. ಮುಯ್ಯಿಯ ರೂಪದಲ್ಲಿ ದುಡಿಯುವ ಆಳನ್ನು ‘ಮುಯ್ಯಾಳು’ ಎನ್ನುತ್ತಾರೆ. ಬಿತ್ತನೆ, ಕಳೆ ತೆಗೆಯುವುದು, ಕೊಯ್ಲು, ಒಕ್ಕಣೆ ಮೊದಲಾದ ಬೇಸಾಯದ ಕೆಲಸಗಳಲ್ಲಿ ಈ ಪದ್ಧತಿ ಕರ್ನಾಟಕದ ಬಯಲುಸೀಮೆಯಲ್ಲಿಯೂ ಮಲೆನಾಡಿನಲ್ಲಿಯೂ ರೂಢಿಯಲ್ಲಿತ್ತು. ಮನೆ ಕಟ್ಟುವುದು ಮತ್ತು ದುರಸ್ತಿ ಮಾಡುವುದು ಅದೇ ಪದ್ಧತಿಯ ವಿಸ್ತರಣೆ.

‘ಮೇಲ್ಮುದ್ದೆ’ ಎಂಬುದು ಮಾಳಿಗೆಯ ಮೇಲೆ ಹರಡಿ ಬಡಿದು ಗಟ್ಟಿಗೊಳಿಸಿದ ಮಣ್ಣಿನ ಪದರಕ್ಕೆ ಸಂದ ಹೆಸರು. ಅದರಿಂದ ಆ ಬಗೆಯ ಮನೆಗೂ ಅದೇ ಹೆಸರಾಗಿದೆ.

ಪ್ರದೇಶ ಮತ್ತು ಹಿನ್ನೆಲೆ

ಗದಗ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ದಿಂಗಾಲೇಶ್ವರ ಮಠವಿರುವ ಬಾಳೆಹೊಸೂರ ಗ್ರಾಮವು ಮೊದಲು ಶಿರಹಟ್ಟಿ ತಾಲ್ಲೂಕಿನಲ್ಲಿದ್ದು ಈಗ ಲಕ್ಷ್ಮೇಶ್ವರ ತಾಲ್ಲೂಕಿಗೆ ಸೇರಿದೆ. ಪ್ರಾಚೀನ ಕಾಲದಲ್ಲಿ ಪುಲಿಗೆರೆ ಎಂದು ಹೆಸರಾಗಿದ್ದ ಲಕ್ಷ್ಮೇಶ್ವರ, ಹಿಂದೂ ಮತ್ತು ಮುಸ್ಲಿಂ ಭಕ್ತರಿಬ್ಬರೂ ನಡೆದುಕೊಳ್ಳುವ ಫಕೀರೇಶ್ವರ ಮಠವಿರುವ ಶಿರಹಟ್ಟಿ, ಕಪ್ಪತಗುಡ್ಡದ ಸಾಲಿನ ಆಸುಪಾಸಿನ ಮುಂಡರಗಿ ಇವು ಈ ಭಾಗದ ಪ್ರಮುಖ ಊರುಗಳು.

ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ. ಮಳೆ ಕಡಿಮೆಯಿರುವ, ಬೇಸಿಗೆಯ ಬಿಸಿಲು ತೀವ್ರವಾಗಿರುವ ಮತ್ತು ಮರಮುಟ್ಟು ಸುಲಭವಾಗಿ ಸಿಗದ ಇಂತಹ ಪ್ರದೇಶಕ್ಕೆ ಇಳಿಜಾರು ಹೆಂಚಿನ ಛಾವಣಿಗಿಂತ ಸಮತಟ್ಟಾದ ಮಣ್ಣಿನ ಮಾಳಿಗೆ ಹೊಂದಿಕೆಯಾಗುತ್ತದೆ. ದಪ್ಪ ಗೋಡೆ ಮತ್ತು ಮಣ್ಣಿನ ಮಾಳಿಗೆಗಳು ಹಗಲಿನ ಬಿಸಿಯನ್ನು ನಿಧಾನವಾಗಿ ಹೀರಿಕೊಳ್ಳುವುದರಿಂದ ಒಳಭಾಗ ತಂಪಾಗಿರುತ್ತದೆ. ಮಾಳಿಗೆಯ ಮೇಲ್ಭಾಗವು ಕಾಳು, ಮೆಣಸಿನಕಾಯಿ, ಹಪ್ಪಳ, ಸಂಡಿಗೆಗಳನ್ನು ಒಣಗಿಸಲು ಮತ್ತು ಬೇಸಿಗೆಯ ರಾತ್ರಿಗಳಲ್ಲಿ ಮಲಗಲು ಉಪಯೋಗವಾಗುತ್ತದೆ.

ಪರಸ್ಪರ ನೆರವಿನ ಪರಂಪರೆಗೆ ಈ ಜಿಲ್ಲೆಯಲ್ಲಿ ಇನ್ನೊಂದು ಹೆಸರಾಂತ ನಿದರ್ಶನವಿದೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸ್ಥಾಪನೆಯಾದ ಸಂಘವನ್ನು ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಪರಿಗಣಿಸಲಾಗಿದೆ. ಸಹಕಾರ ಸಂಘವು ಹಣದ ಸಾಲವನ್ನು ಬರಹದ ಲೆಕ್ಕದಲ್ಲಿ ನಡೆಸಿದರೆ, ಮುಯ್ಯಾಳು ಪದ್ಧತಿಯು ದುಡಿಮೆಯ ಸಾಲವನ್ನು ನೆನಪಿನ ಲೆಕ್ಕದಲ್ಲಿ ನಡೆಸುತ್ತದೆ.

ಮನೆಯ ರಚನೆ

ಮಾಳಿಗೆ ಮನೆಯ ಗೋಡೆಗಳನ್ನು ಕಲ್ಲು ಮತ್ತು ಕೆಸರಿನಿಂದ ಅಥವಾ ಬಿಸಿಲಿನಲ್ಲಿ ಒಣಗಿಸಿದ ಹಸಿ ಇಟ್ಟಿಗೆಗಳಿಂದ ಕಟ್ಟಲಾಗುತ್ತದೆ. ಗೋಡೆಗಳ ದಪ್ಪ ಸಾಮಾನ್ಯವಾಗಿ ಒಂದೂವರೆ ಅಡಿಗಿಂತ ಹೆಚ್ಚು. ಛಾವಣಿಯ ಭಾರವನ್ನು ಹೊರಲು ಕಂಬಗಳು, ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗಳ ಮೇಲೆ ಅಡ್ಡಲಾಗಿ ಜಂತಿಗಳನ್ನು ಜೋಡಿಸುತ್ತಾರೆ. ಅನುಕೂಲಸ್ಥರ ಮನೆಗಳಲ್ಲಿ ಸಾಗವಾನಿಯೂ ಉಳಿದವರ ಮನೆಗಳಲ್ಲಿ ಬೇವು, ಜಾಲಿ ಮೊದಲಾದ ಸ್ಥಳೀಯ ಮರಗಳೂ ಬಳಕೆಯಾಗುತ್ತವೆ.

ಜಂತಿಗಳ ಮೇಲೆ ಹಲಗೆ ಅಥವಾ ಸಣ್ಣ ಕಟ್ಟಿಗೆಗಳನ್ನು ಒತ್ತೊತ್ತಾಗಿ ಹೊಂದಿಸಿ, ಅದರ ಮೇಲೆ ಹುಲ್ಲು, ತೊಗರಿ ಕಟ್ಟಿಗೆ ಅಥವಾ ಬೇವಿನ ತಪ್ಪಲನ್ನು ಹಾಸಲಾಗುತ್ತದೆ. ಬೇವಿನ ತಪ್ಪಲು ಹುಳುಗಳನ್ನು ದೂರವಿಡುತ್ತದೆ ಎಂಬುದು ರೂಢಿಯ ತಿಳಿವಳಿಕೆ. ಈ ಹಾಸಿನ ಮೇಲೆ ಹಸಿ ಮಣ್ಣಿನ ಪದರವನ್ನೂ ಅದರ ಮೇಲೆ ನೀರು ಇಳಿಯಗೊಡದ ಮಣ್ಣಿನ ಪದರವನ್ನೂ ಹಾಕಿ ಬಡಿಯುತ್ತಾರೆ. ಮಾಳಿಗೆಯ ಅಂಚಿಗೆ ಕುಂಬಿ ಎಂಬ ಕಿರುಗೋಡೆ, ನೀರು ಹೊರಬೀಳಲು ದೋಣಿ, ಒಳಗೆ ಬೆಳಕು ಬೀಳಲು ಬೆಳಕಿಂಡಿ ಇರುತ್ತವೆ. ಮಾಳಿಗೆ ಸಮತಟ್ಟಾಗಿ ಕಂಡರೂ ದೋಣಿಯ ಕಡೆಗೆ ಅಲ್ಪ ಇಳಿಜಾರನ್ನು ಹೊಂದಿರುತ್ತದೆ. ಅಕ್ಕಪಕ್ಕದ ಮನೆಗಳು ಒಂದೇ ಗೋಡೆಯನ್ನು ಹಂಚಿಕೊಂಡಿರುವುದೂ ಮಾಳಿಗೆಗಳು ಒಂದಕ್ಕೊಂದು ತಾಗಿಕೊಂಡಿರುವುದೂ ಸಾಮಾನ್ಯ. ಆದ್ದರಿಂದ ಒಂದು ಮನೆಯ ಮಾಳಿಗೆಯ ನೀರು ಸರಿಯಾಗಿ ಹರಿಯದಿದ್ದರೆ ಪಕ್ಕದ ಮನೆಯ ಗೋಡೆಯೂ ನೆನೆಯುತ್ತದೆ. ನೆರೆಯವನ ಮಾಳಿಗೆಯ ಸ್ಥಿತಿ ತನ್ನ ಮನೆಯ ಭದ್ರತೆಗೂ ಸಂಬಂಧಿಸಿದ್ದು ಎಂಬ ಈ ಸಂಗತಿ ಸಾಮೂಹಿಕ ದುರಸ್ತಿಗೆ ಒಂದು ಮುಖ್ಯ ಕಾರಣ.

ಮಣ್ಣಿನ ಆಯ್ಕೆ

ಮೇಲ್ಮುದ್ದೆಯ ಮೇಲ್ಪದರಕ್ಕೆ ಎಲ್ಲ ಮಣ್ಣೂ ಸಲ್ಲುವುದಿಲ್ಲ. ಈ ಭಾಗದಲ್ಲಿ ಹೇರಳವಾಗಿರುವ ಎರೆಮಣ್ಣು ಒದ್ದೆಯಾದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಮಸಾರಿ ಮಣ್ಣಿನಲ್ಲಿ ಮರಳಿನ ಅಂಶ ಹೆಚ್ಚಾಗಿರುವುದರಿಂದ ನೀರು ಸುಲಭವಾಗಿ ಇಳಿಯುತ್ತದೆ. ಆದ್ದರಿಂದ ಸವಳು ಅಥವಾ ಕರಲು ಎಂದು ಕರೆಯುವ, ಬೇಸಾಯಕ್ಕೆ ಬಾರದ ಕ್ಷಾರಯುಕ್ತ ಮಣ್ಣನ್ನು ಹುಡುಕಿ ತರಲಾಗುತ್ತದೆ. ಇಂತಹ ಮಣ್ಣಿನಲ್ಲಿರುವ ಸೋಡಿಯಂ ಅಂಶವು ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿ ಚದುರಿಸುತ್ತದೆ. ಮೊದಲ ಮಳೆಗೆ ನೆನೆದ ಕಣಗಳು ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ಸೇರಿ ಅವನ್ನು ಮುಚ್ಚುವುದರಿಂದ ನೀರು ಕೆಳಗಿಳಿಯದೆ ಮೇಲೆಯೇ ಹರಿದುಹೋಗುತ್ತದೆ. ಹೊಲದಲ್ಲಿ ಬೆಳೆಗೆ ದೋಷವಾದ ಗುಣವೇ ಮಾಳಿಗೆಯ ಮೇಲೆ ಅನುಕೂಲವಾಗುತ್ತದೆ.

ಹಳೆಯ ಮನೆಗಳು ಬಿದ್ದ ಜಾಗದ ಹಾಳುಮಣ್ಣನ್ನೂ ದುರಸ್ತಿಗೆ ಬಳಸುವುದುಂಟು.

ದುರಸ್ತಿಯ ಕಾಲ

ದುರಸ್ತಿಯ ಕೆಲಸವು ಸುಗ್ಗಿ ಮುಗಿದು ಯುಗಾದಿ ಕಳೆದ ನಂತರ ಆರಂಭವಾಗಿ ಮುಂಗಾರು ಹಿಡಿಯುವ ಮೊದಲು ಮುಗಿಯಬೇಕು. ರೈತರ ಲೆಕ್ಕದಲ್ಲಿ ಮೇ ತಿಂಗಳ ಕೊನೆಯ ರೋಹಿಣಿ ಮಳೆ ಮತ್ತು ಜೂನ್ ಎರಡನೆಯ ವಾರದಲ್ಲಿ ಆರಂಭವಾಗುವ ಮೃಗಶಿರಾ ಮಳೆ ಇದರ ಗಡುವುಗಳು. ಈ ಅವಧಿಯಲ್ಲಿ ಹೊಲದ ಕೆಲಸ ಕಡಿಮೆಯಿರುವುದರಿಂದ ಆಳು ಮತ್ತು ಚಕ್ಕಡಿಗಳು ಬಿಡುವಾಗಿರುತ್ತವೆ. ಆದರೆ ಎಲ್ಲರ ಮನೆಗೂ ಒಂದೇ ಗಡುವು ಇರುವುದರಿಂದ ಯಾರ ಮನೆ ಮೊದಲು ಎಂಬ ನಿರ್ಧಾರ ಅಗತ್ಯವಾಗುತ್ತದೆ. ಹಿಂದಿನ ವರ್ಷ ಹೆಚ್ಚು ಸೋರಿದ ಮನೆ, ಬಾಣಂತಿ ಅಥವಾ ಹಾಸಿಗೆ ಹಿಡಿದವರಿರುವ ಮನೆ, ಮದುವೆ ಗೊತ್ತಾದ ಮನೆ ಇವುಗಳಿಗೆ ಮುಂಚಿನ ಸರದಿ ಕೊಡುವುದು ರೂಢಿ. ಓಣಿಯ ಹಿರಿಯರು ಕಟ್ಟೆಯ ಮೇಲೆ ಕುಳಿತು ಈ ಸರದಿಯನ್ನು ಮಾತಿನಲ್ಲಿಯೇ ಗೊತ್ತುಪಡಿಸುತ್ತಾರೆ.

ದುರಸ್ತಿಯ ಕ್ರಮ

ಮೊದಲು ಮನೆಯನ್ನು ಒಳಗಿನಿಂದ ನೋಡಲಾಗುತ್ತದೆ. ಗೋಡೆಯ ಮೇಲೆ ನೀರಿಳಿದ ಕಲೆ, ಜಂತಿಯ ಮೇಲಿನ ಕಪ್ಪು ಗುರುತು, ಬಾಗಿದ ತೊಲೆ, ಗೆದ್ದಲಿನ ಮಣ್ಣು, ಹೊಟ್ಟೆಯುಬ್ಬಿದ ಗೋಡೆ ಇವು ದೋಷದ ಸೂಚನೆಗಳು. ತೊಲೆ ಅಥವಾ ಜಂತಿ ಸಡಿಲವಾಗಿದ್ದರೆ ಕೆಳಗಿನಿಂದ ಆಸರೆ ಕಂಬ ಕೊಟ್ಟ ನಂತರವೇ ಮೇಲೆ ಹತ್ತುತ್ತಾರೆ. ಮರದ ಕೆಲಸವನ್ನು ಬಡಿಗನೂ ಗೋಡೆಯ ಕೆಲಸವನ್ನು ಗೌಂಡಿಯೂ ಮಾಡುತ್ತಾರೆ. ಹಿಂದೆ ಬಡಿಗ, ಕಮ್ಮಾರ ಮೊದಲಾದ ಆಯಗಾರರಿಗೆ ಸುಗ್ಗಿಯಲ್ಲಿ ಕಾಳಿನ ರೂಪದ ಆಯ ಸಲ್ಲುತ್ತಿತ್ತು. ಮಣ್ಣು ಹೊರುವುದು, ಕಲಸುವುದು, ಹರಡುವುದು ಮಾತ್ರ ಮುಯ್ಯಾಳುಗಳ ಪಾಲಿನ ಕೆಲಸ.

ಎರಡನೆಯ ಹಂತದಲ್ಲಿ ಮಾಳಿಗೆಯ ಮೇಲಿನ ಹುಲ್ಲು, ಗಿಡಗಳನ್ನು ಬೇರುಸಹಿತ ಕಿತ್ತು, ಇಲಿ ಬಿಲಗಳನ್ನು ಮುಚ್ಚಿ, ಸಡಿಲವಾದ ಹಳೆಯ ಮಣ್ಣನ್ನು ಕೆರೆದು ತೆಗೆಯಲಾಗುತ್ತದೆ. ಬಳಿಕ ಚಕ್ಕಡಿಯಲ್ಲಿ ತಂದ ಮಣ್ಣಿನ ಹೆಂಟೆಗಳನ್ನು ಒಡೆದು, ಕಲ್ಲು ಆರಿಸಿ, ಬುಟ್ಟಿಗಳಲ್ಲಿ ತುಂಬಿ ಏಣಿಯ ಮೂಲಕ ಕೈಯಿಂದ ಕೈಗೆ ಮೇಲಕ್ಕೆ ಸಾಗಿಸುತ್ತಾರೆ. ಮಣ್ಣನ್ನು ಸಮನಾಗಿ ಹರಡಿ, ದೋಣಿಯ ಕಡೆಗೆ ಇಳಿಜಾರು ಬರುವಂತೆ ಸರಿಪಡಿಸಿ, ದಿಮ್ಮಸಿನಿಂದ ಬಡಿಯುತ್ತಾರೆ. ದೋಣಿಯ ಬುಡ, ಕುಂಬಿಯ ಮೂಲೆ ಮತ್ತು ಬೆಳಕಿಂಡಿಯ ಸುತ್ತಲಿನ ಜಾಗಗಳಲ್ಲಿ ಸೋರಿಕೆ ಹೆಚ್ಚಾಗಿ ಆರಂಭವಾಗುವುದರಿಂದ ಅಲ್ಲಿ ಹೆಚ್ಚಿನ ಗಮನ ಕೊಡಲಾಗುತ್ತದೆ.

ಮೂರನೆಯ ಹಂತ ಗೋಡೆಗಳದು. ಜೇಡಿಮಣ್ಣಿಗೆ ಹೊಟ್ಟು ಮತ್ತು ನೀರು ಸೇರಿಸಿ, ತುಳಿದು, ಕೆಲವು ದಿನ ಕೊಳೆಯಲು ಬಿಟ್ಟ ಕೆಸರಿನಿಂದ ಬಿರುಕುಗಳನ್ನು ತುಂಬಿ ಮೇಲೆ ಗಿಲಾವು ಮಾಡುತ್ತಾರೆ. ಹೊಟ್ಟು ಬೆರೆಸುವುದರಿಂದ ಕೆಸರು ಒಣಗುವಾಗ ಬಿರುಕು ಕಡಿಮೆಯಾಗುತ್ತದೆ. ಮಳೆಯ ನೀರು ಸಿಡಿದು ಕೊರೆಯುವ ಗೋಡೆಯ ಬುಡಕ್ಕೆ ಮಣ್ಣು ಏರಿಸಿ ನೀರು ದೂರ ಹರಿಯುವಂತೆ ಮಾಡಲಾಗುತ್ತದೆ. ಕೊನೆಯಲ್ಲಿ ನೆಲವನ್ನೂ ಗೋಡೆಯ ಕೆಳಭಾಗವನ್ನೂ ಸೆಗಣಿಯಿಂದ ಸಾರಿಸಲಾಗುತ್ತದೆ. ನೀರು ಹೊರುವುದು, ಕೆಸರು ಕಲಸುವುದು, ಗಿಲಾವು ಮತ್ತು ಸಾರಣೆಯ ಕೆಲಸಗಳಲ್ಲಿ ಹೆಂಗಸರ ಪಾಲು ದೊಡ್ಡದು.

ಕೆಲಸದ ಪ್ರಮಾಣ ಮತ್ತು ಲೆಕ್ಕ

ಈ ಕೆಲಸಕ್ಕೆ ನೆರೆಯವರ ನೆರವು ಏಕೆ ಬೇಕೆಂಬುದನ್ನು ಸರಳ ಲೆಕ್ಕದಿಂದ ತಿಳಿಯಬಹುದು. 4 ಮೀಟರ್ ಅಗಲ, 5 ಮೀಟರ್ ಉದ್ದದ ಒಂದು ಅಂಕಣದ ಮಾಳಿಗೆಯ ವಿಸ್ತೀರ್ಣ 20 ಚದರ ಮೀಟರ್. ಅದರ ಮೇಲೆ 5 ಸೆಂಟಿಮೀಟರ್ ದಪ್ಪದ ಹೊಸ ಪದರ ಹಾಕಲು 1 ಘನ ಮೀಟರ್ ಮಣ್ಣು ಬೇಕು. ಅದರ ತೂಕವನ್ನು ಸುಮಾರು 1,600 ಕಿಲೋಗ್ರಾಂ ಎಂದು ಹಿಡಿದರೆ, 20 ಕಿಲೋಗ್ರಾಂ ಹಿಡಿಯುವ 80 ಬುಟ್ಟಿಗಳನ್ನು ಏಣಿ ಹತ್ತಿಸಬೇಕಾಗುತ್ತದೆ. ಗಂಡ ಹೆಂಡತಿ ಇಬ್ಬರೇ ದಿನಗಟ್ಟಲೆ ಮಾಡಬೇಕಾದ ಈ ಕೆಲಸವನ್ನು ಹತ್ತು ಹನ್ನೆರಡು ಜನ ಸಾಲಾಗಿ ನಿಂತರೆ ಅರ್ಧ ದಿನದಲ್ಲಿ ಮುಗಿಸಬಹುದು. ಮಾಳಿಗೆಯನ್ನು ಕೆರೆದ ಮೇಲೆ ಅದನ್ನು ತೆರೆದಿಡುವಂತಿಲ್ಲ. ನಡುವೆ ಅಡ್ಡಮಳೆ ಬಂದರೆ ಮನೆಯೊಳಗಿನ ಕಾಳುಕಡಿ ನೆನೆಯುವುದರಿಂದ ಒಂದೇ ದಿನದಲ್ಲಿ ಮುಗಿಸುವುದೂ ಮುಖ್ಯ.

ಮುಯ್ಯಿಯ ಲೆಕ್ಕ ಬಾಯಿಮಾತಿನದು. ಒಂದು ದಿನದ ಆಳಿಗೆ ಒಂದು ದಿನದ ಆಳು ಸಮ. ಎತ್ತು ಮತ್ತು ಚಕ್ಕಡಿ ತಂದವರಿಗೆ ಅದಕ್ಕೆ ತಕ್ಕಂತೆ ಹೆಚ್ಚಿನ ಆಳುಗಳನ್ನು ಹಿಂದಿರುಗಿಸಬೇಕಾಗುತ್ತದೆ. ಮನೆಯವರು ಆ ದಿನ ಬಂದವರಿಗೆಲ್ಲ ಊಟ ಹಾಕುತ್ತಾರೆ. ಜೋಳದ ರೊಟ್ಟಿ, ಪಲ್ಯ, ಚಟ್ನಿ, ಮಜ್ಜಿಗೆಗಳ ಊಟವೇ ಸಾಮಾನ್ಯ. ಮುಯ್ಯಿಯನ್ನು ಮರುಕಳಿಸದವರನ್ನು ದಂಡಿಸುವ ನಿಯಮವೇನೂ ಇಲ್ಲ. ಆದರೆ ಮುಂದಿನ ವರ್ಷ ಅಂಥವರ ಮನೆಗೆ ಕರೆದರೂ ಆಳು ಬರುವುದಿಲ್ಲವೆಂಬ ಅರಿವೇ ಪದ್ಧತಿಯನ್ನು ಕಾಯುತ್ತದೆ.

ಮುಯ್ಯಿ ತೀರಿಸಲಾರದವರು

ಮುಯ್ಯಾಳು ಪದ್ಧತಿಯು ಕೊಡುವ ಮತ್ತು ಪಡೆಯುವ ಸಾಮರ್ಥ್ಯ ಇರುವವರ ನಡುವಿನ ವ್ಯವಸ್ಥೆ. ದುಡಿಯುವ ಕೈಗಳಿಲ್ಲದ ಮುದುಕರು, ಒಂಟಿ ವಿಧವೆಯರು, ಅಂಗವಿಕಲರು ಆಳಿಗೆ ಆಳು ಹಿಂದಿರುಗಿಸಲಾರರು. ಇಂತಹವರ ಮನೆಯ ಮಾಳಿಗೆಯನ್ನು ಓಣಿಯವರು ಲೆಕ್ಕವಿಡದೆ ಮಾಡಿಕೊಡುವುದು ಧರ್ಮದ ಕೆಲಸವೆಂದು ಭಾವಿಸಲಾಗುತ್ತದೆ. ಹನ್ನೆರಡನೆಯ ಶತಮಾನದ ಶರಣರು ಪ್ರತಿಪಾದಿಸಿದ ಕಾಯಕ ಮತ್ತು ದಾಸೋಹದ ತತ್ವಗಳು ಈ ಭಾಗದ ಮಠಗಳ ಮೂಲಕ ಜನಜೀವನದಲ್ಲಿ ಬೇರೂರಿರುವುದರಿಂದ ಇಂತಹ ದುಡಿಮೆಗೆ ಒಂದು ಧಾರ್ಮಿಕ ಗೌರವವೂ ಇದೆ.

ಪಡೆದ ನೆರವಿಗೆ ಪ್ರತಿಯಾಗಿ ಏನನ್ನಾದರೂ ಕೊಡದೆ ಇರುವುದನ್ನು ಹಲವರು ಸಂಕೋಚದ ಸಂಗತಿಯೆಂದು ತಿಳಿಯುತ್ತಾರೆ. ಅದಕ್ಕಾಗಿ ಮುದುಕಿಯೊಬ್ಬಳು ಇತರರು ಮಣ್ಣು ಹೊರುವ ದಿನ ಅವರ ಕೂಸುಗಳನ್ನು ನೋಡಿಕೊಳ್ಳುವುದು, ರೊಟ್ಟಿ ಬಡಿದುಕೊಡುವುದು, ಕಾಳು ಹಸನು ಮಾಡಿಕೊಡುವುದು ಮುಂತಾದ ರೀತಿಗಳಲ್ಲಿ ಮುಯ್ಯಿ ತೀರಿಸುವುದುಂಟು. ಹೀಗೆ ಕೆಲಸದ ಬಗೆ ಬೇರೆಯಾದರೂ ಪಡೆಯುವವರ ಮಾನ ಉಳಿಯುತ್ತದೆ. ನೆರವನ್ನು ಕೊಡುವವರು ಮತ್ತು ಪಡೆಯುವವರೆಂಬ ಎರಡು ಗುಂಪುಗಳು ಖಾಯಂ ಆಗಿ ಉಳಿಯದಿರುವುದು ಈ ಪದ್ಧತಿಯ ವಿಶೇಷ.

ಮಿತಿಗಳು

ಈ ಪದ್ಧತಿಯನ್ನು ಆದರ್ಶವೆಂದು ಮಾತ್ರ ಕಾಣುವುದು ಸರಿಯಾಗದು. ಮುಯ್ಯಾಳು ಸಂಬಂಧಗಳು ಬಹುಮಟ್ಟಿಗೆ ಒಂದೇ ಓಣಿ, ಒಂದೇ ಜಾತಿ ಅಥವಾ ಬಂಧುಬಳಗದೊಳಗೆ ನಡೆಯುತ್ತಿದ್ದವು. ಓಣಿಗಳೇ ಜಾತಿವಾರು ವಿಂಗಡಣೆಯಾಗಿದ್ದ ಹಳ್ಳಿಗಳಲ್ಲಿ ನೆರೆಹೊರೆ ಎಂಬ ಮಾತಿನ ವ್ಯಾಪ್ತಿಯೂ ಅಷ್ಟಕ್ಕೇ ಸೀಮಿತವಾಗಿತ್ತು. ಊರಿನಿಂದ ಹೊರಗಿದ್ದ ದಲಿತ ಕೇರಿಗಳ ಜನರು ಮೇಲ್ಜಾತಿಯವರ ಮನೆಗಳಿಗೆ ಮಣ್ಣು ಹೊತ್ತರೂ ಅದು ಬಿಟ್ಟಿ ಅಥವಾ ಕೂಲಿಯಾಗಿತ್ತೇ ಹೊರತು ಮುಯ್ಯಿಯಾಗಿರಲಿಲ್ಲ. ಅವರ ಮನೆಗಳಿಗೆ ಪ್ರತಿಯಾಗಿ ಆಳು ಬರುತ್ತಿರಲಿಲ್ಲ. ಊಟದ ಪಂಕ್ತಿಯ ಕಟ್ಟುಪಾಡುಗಳೂ ಒಟ್ಟಾಗಿ ದುಡಿಯುವುದಕ್ಕೆ ಅಡ್ಡಿಯಾಗಿದ್ದವು. ಪರಸ್ಪರತೆ ಇದ್ದಲ್ಲಿ ಮಾತ್ರ ದುಡಿಮೆಯನ್ನು ಸ್ವಯಂಸೇವೆ ಎನ್ನಬಹುದು. ನಿರಾಕರಿಸುವ ಸ್ವಾತಂತ್ರ್ಯವಿಲ್ಲದ ದುಡಿಮೆ ಬಿಟ್ಟಿಯಾಗುತ್ತದೆ.

ತಾಂತ್ರಿಕವಾಗಿಯೂ ಒಂದು ಅಪಾಯವಿದೆ. ಹಳೆಯ ಮಣ್ಣನ್ನು ತೆಗೆಯದೆ ಪ್ರತಿವರ್ಷ ಹೊಸ ಮಣ್ಣನ್ನು ಹಾಕುತ್ತ ಹೋದರೆ ಮಾಳಿಗೆಯ ಭಾರ ಏರುತ್ತದೆ. ವರ್ಷಕ್ಕೆ 1 ಸೆಂಟಿಮೀಟರ್ ಮಾತ್ರ ಉಳಿದುಕೊಂಡರೂ 10 ವರ್ಷಗಳಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 160 ಕಿಲೋಗ್ರಾಂ, 20 ಚದರ ಮೀಟರಿನ ಮಾಳಿಗೆಗೆ ಸುಮಾರು 3,200 ಕಿಲೋಗ್ರಾಂ ಹೆಚ್ಚುವರಿ ಭಾರ ಬೀಳುತ್ತದೆ. ಮಣ್ಣು ನೆನೆದಾಗ ಈ ಭಾರ ಇನ್ನೂ ಹೆಚ್ಚು. ಗೆದ್ದಲು ಹಿಡಿದ ಜಂತಿಗಳು ಇದನ್ನು ತಾಳಲಾರವು. ಸೋರಿಕೆಯನ್ನು ನಿಲ್ಲಿಸಲು ಮಾಡಿದ ಕೆಲಸವೇ ಕುಸಿತಕ್ಕೆ ಕಾರಣವಾಗದಿರಲು, ಹಾಕಿದಷ್ಟೇ ಮಣ್ಣನ್ನು ಮೊದಲು ತೆಗೆಯಬೇಕೆಂಬುದು ಅನುಭವಸ್ಥರ ನಿಯಮ.

ಮನೆ ಕುಸಿತ ಮತ್ತು ನೆರೆ

ಮಣ್ಣಿನ ಮನೆಗಳಿಗೆ ರಭಸದ ಮಳೆಗಿಂತ ದಿನಗಟ್ಟಲೆ ಬಿಡದೆ ಸುರಿಯುವ ಜಡಿಮಳೆ ಹೆಚ್ಚು ಅಪಾಯಕಾರಿ. ನೀರು ಗೋಡೆಯೊಳಗೆ ನಿಧಾನವಾಗಿ ಇಳಿದಾಗ ಕೆಸರಿನ ಗಾರೆ ಮೆತ್ತಗಾಗಿ ಗೋಡೆಯ ಬಲ ಕುಂದುತ್ತದೆ. ಗೋಡೆ ಕುಸಿದರೆ ಮಾಳಿಗೆಯ ಮಣ್ಣಿನ ಭಾರವೂ ಒಳಗಿದ್ದವರ ಮೇಲೆ ಬೀಳುತ್ತದೆ. ರಾತ್ರಿ ಮಲಗಿದ್ದಾಗ ನಡೆಯುವ ಇಂತಹ ಕುಸಿತಗಳಲ್ಲಿ ಪ್ರಾಣಹಾನಿ ಹೆಚ್ಚು. ಮಳೆ ನಿಂತು ಬಿಸಿಲು ಬಿದ್ದ ಮೇಲೆ, ನೆನೆದ ಗೋಡೆ ಅಸಮವಾಗಿ ಒಣಗುವಾಗಲೂ ಕುಸಿಯುವ ಸಾಧ್ಯತೆಯಿರುತ್ತದೆ.

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಭಾರೀ ಮಳೆ ಮತ್ತು ನೆರೆಯಿಂದ 200ಕ್ಕೂ ಹೆಚ್ಚು ಜನ ಮೃತಪಟ್ಟರು. ಲಕ್ಷಾಂತರ ಮನೆಗಳಿಗೆ ಹಾನಿಯಾಯಿತು. ನದೀತೀರದ ಊರುಗಳಷ್ಟೇ ಅಲ್ಲದೆ ನದಿಯಿಂದ ದೂರವಿದ್ದ ಊರುಗಳಲ್ಲಿಯೂ ಮಣ್ಣಿನ ಮನೆಗಳು ಬಿದ್ದವು. ಸಂತ್ರಸ್ತರಿಗೆ ಹೊಸ ಮನೆಗಳನ್ನು ಕಟ್ಟಿಕೊಡಲು ರಾಜ್ಯ ಸರ್ಕಾರವು ದಾನಿಗಳ ಸಹಭಾಗಿತ್ವದಲ್ಲಿ ‘ಆಸರೆ’ ಯೋಜನೆಯನ್ನು ರೂಪಿಸಿತು. 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ಗದಗ ಜಿಲ್ಲೆಯ ನರಗುಂದ ಮತ್ತು ರೋಣ ತಾಲ್ಲೂಕುಗಳ ಮಲಪ್ರಭಾ ತೀರದ ಗ್ರಾಮಗಳು ಮತ್ತೆ ತೊಂದರೆಗೊಳಗಾದವು. ಆಗ ಪೂರ್ಣವಾಗಿ ಕುಸಿದ ಮನೆಗಳಿಗೆ 5 ಲಕ್ಷ ರೂಪಾಯಿ ಪರಿಹಾರವನ್ನು ಸರ್ಕಾರ ಘೋಷಿಸಿತು.

ಪರಿಹಾರವು ಮನೆ ಬಿದ್ದ ಮೇಲೆ ದೊರೆಯುವಂಥದು. ಮನೆ ಬೀಳದಂತೆ ಬೇಸಿಗೆಯಲ್ಲಿಯೇ ಮಾಡುವ ಸಣ್ಣ ದುರಸ್ತಿಗೆ ತಗಲುವ ವೆಚ್ಚ ಅದಕ್ಕೆ ಹೋಲಿಸಿದರೆ ಅತ್ಯಲ್ಪ. ನೆರೆಹೊರೆಯ ದುರಸ್ತಿಯ ನಿಜವಾದ ಮೌಲ್ಯ ಇರುವುದು ಇಲ್ಲಿಯೇ.

ಪದ್ಧತಿಯ ಇಳಿಮುಖ

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಿಂದ ಈ ರೂಢಿ ಕಡಿಮೆಯಾಗುತ್ತ ಬಂದಿದೆ. ಅದಕ್ಕೆ ಹಲವು ಕಾರಣಗಳಿವೆ.

ಮೊದಲನೆಯದು ಗುಳೆ. ಬರ ಮತ್ತು ಕೆಲಸದ ಕೊರತೆಯಿಂದ ದುಡಿಯುವ ವಯಸ್ಸಿನವರು ಗೋವಾ, ಮಂಗಳೂರು, ಬೆಂಗಳೂರು ಮೊದಲಾದ ಕಡೆಗಳಿಗೆ ಹೋಗುವುದರಿಂದ ಬೇಸಿಗೆಯಲ್ಲಿ ಊರಿನಲ್ಲಿ ಮುದುಕರೂ ಮಕ್ಕಳೂ ಉಳಿಯುತ್ತಾರೆ. ದುರಸ್ತಿಯ ಕಾಲ ಮತ್ತು ಗುಳೆಯ ಕಾಲ ಒಂದೇ ಆಗಿರುವುದು ಪದ್ಧತಿಗೆ ದೊಡ್ಡ ಪೆಟ್ಟು. ಎರಡನೆಯದು ಕೂಲಿಯ ಹಣ. ದಿನದ ದುಡಿಮೆಗೆ ನಗದು ಬೆಲೆ ಬಂದ ಮೇಲೆ ಆಳಿಗೆ ಆಳು ಎಂಬ ಲೆಕ್ಕ ಸಡಿಲವಾಯಿತು. ಮೂರನೆಯದು ಎತ್ತು ಮತ್ತು ಚಕ್ಕಡಿಗಳ ಸಂಖ್ಯೆ ಇಳಿದು ಟ್ರ್ಯಾಕ್ಟರ್ ಬಾಡಿಗೆ ಅನಿವಾರ್ಯವಾದುದು. ನಾಲ್ಕನೆಯದು ತಗಡು ಮತ್ತು ಕಾಂಕ್ರೀಟ್ ಛಾವಣಿಗಳ ಪ್ರಸಾರ. ಸಿಮೆಂಟ್ ಮನೆಗೆ ವರ್ಷವರ್ಷವೂ ಮಣ್ಣು ಹಾಕುವ ಅಗತ್ಯವಿಲ್ಲದ ಕಾರಣ ಅದರ ಒಡೆಯನಿಗೆ ಮುಯ್ಯಿಯ ಬಳಗದಲ್ಲಿ ಉಳಿಯುವ ಕಾರಣವೂ ಇಲ್ಲ. ಹೀಗೆ ಅನುಕೂಲಸ್ಥರು ಒಬ್ಬೊಬ್ಬರಾಗಿ ಹೊರಬಂದಂತೆ ಮಣ್ಣಿನ ಮನೆಯಲ್ಲಿ ಉಳಿದ ಬಡವರ ಪಾಲಿಗೆ ಆಳುಗಳು ಕಡಿಮೆಯಾಗುತ್ತ ಹೋಗುತ್ತವೆ. ಅವರಲ್ಲಿ ಹಲವರು ಮಾಳಿಗೆಯ ಮೇಲೆ ತಾಡಪಾಲು ಅಥವಾ ಪ್ಲಾಸ್ಟಿಕ್ ಹಾಳೆ ಹೊದಿಸಿ ಮಳೆಗಾಲ ಕಳೆಯುತ್ತಾರೆ.

ಸಂಘಟಿತ ಸ್ವಯಂಸೇವೆ

ಓಣಿಯ ಮಟ್ಟದ ಮುಯ್ಯಿ ಕಡಿಮೆಯಾದಂತೆ ಅದರ ಕೆಲವು ಅಂಶಗಳನ್ನು ಸಂಘಟಿತ ಸ್ವಯಂಸೇವೆ ಮುಂದುವರಿಸಿದೆ. ಸ್ವಾತಂತ್ರ್ಯಾನಂತರ 1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮವು ಶ್ರಮದಾನಕ್ಕೆ ಪ್ರೋತ್ಸಾಹ ನೀಡಿತು. ಆದರೆ ಶ್ರಮದಾನದ ದುಡಿಮೆ ಹೆಚ್ಚಾಗಿ ರಸ್ತೆ, ಶಾಲೆ, ಕೆರೆ, ಬಾವಿಗಳಂತಹ ಸಾರ್ವಜನಿಕ ಕಾಮಗಾರಿಗಳಿಗೆ ಸಂದಿತು.

ರಾಷ್ಟ್ರೀಯ ಸೇವಾ ಯೋಜನೆಯು 1969ರ ಸೆಪ್ಟೆಂಬರ್ 24ರಂದು ಆರಂಭವಾಯಿತು. ಇದರ ಸ್ವಯಂಸೇವಕ ವಿದ್ಯಾರ್ಥಿಗಳು ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆಯ ಜೊತೆಗೆ ಏಳು ದಿನಗಳ ವಿಶೇಷ ಶಿಬಿರದಲ್ಲಿ ಪಾಲ್ಗೊಳ್ಳುತ್ತಾರೆ. ದತ್ತು ಗ್ರಾಮಗಳಲ್ಲಿ ನಡೆಯುವ ಈ ಶಿಬಿರಗಳ ಕೆಲಸ ಬಹುತೇಕ ಸ್ವಚ್ಛತೆ, ಗಿಡ ನೆಡುವುದು, ಸಾರ್ವಜನಿಕ ಸ್ಥಳಗಳ ದುರಸ್ತಿಗಳಿಗೆ ಸಂಬಂಧಿಸಿದ್ದು.

1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು ‘ಪ್ರಗತಿಬಂಧು’ ಗುಂಪುಗಳ ಮೂಲಕ ಸಣ್ಣ ರೈತರ ನಡುವೆ ಶ್ರಮ ವಿನಿಮಯವನ್ನು ಸಂಘಟಿಸಿತು. ಗುಂಪಿನ ಸದಸ್ಯರು ವಾರಕ್ಕೊಂದು ದಿನ ಸರದಿಯಂತೆ ಒಬ್ಬೊಬ್ಬರ ಜಮೀನಿನಲ್ಲಿ ಒಟ್ಟಾಗಿ ದುಡಿಯುವುದು ಇದರ ಕ್ರಮ. ಹಳೆಯ ಮುಯ್ಯಾಳು ಪದ್ಧತಿಗೆ ಇಲ್ಲಿ ಸದಸ್ಯತ್ವ, ಸಭೆ ಮತ್ತು ದಾಖಲೆಗಳು ಸೇರಿವೆ. ಇದೇ ಸಂಸ್ಥೆಯ ‘ಶೌರ್ಯ’ ವಿಪತ್ತು ನಿರ್ವಹಣಾ ಘಟಕಗಳ ಸ್ವಯಂಸೇವಕರು ಮಳೆಗಾಳಿಯಿಂದ ಹಾನಿಯಾದ ಸ್ಥಳಗಳಲ್ಲಿ ನೆರವಿನ ಕೆಲಸ ಮಾಡುತ್ತಾರೆ.

ಸರ್ಕಾರದ ವಸತಿ ಯೋಜನೆಗಳು

ಕೇಂದ್ರ ಸರ್ಕಾರವು 1985ರಲ್ಲಿ ಇಂದಿರಾ ಆವಾಸ್ ಯೋಜನೆಯನ್ನು ಆರಂಭಿಸಿತು. 2016ರಲ್ಲಿ ಅದರ ಸ್ಥಾನದಲ್ಲಿ ಪ್ರಧಾನ ಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಜಾರಿಗೆ ಬಂದಿತು. ಇದರಲ್ಲಿ ಬಯಲು ಪ್ರದೇಶದ ಮನೆಯೊಂದಕ್ಕೆ 1.20 ಲಕ್ಷ ರೂಪಾಯಿ ನೆರವನ್ನು ನಿಗದಿಪಡಿಸಲಾಯಿತು. ಮನೆಯ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್. ಉದ್ಯೋಗ ಖಾತರಿ ಯೋಜನೆಯಡಿ 90 ಮಾನವ ದಿನಗಳ ಕೂಲಿಯನ್ನು ಫಲಾನುಭವಿಯು ತನ್ನ ಮನೆಯ ಕೆಲಸಕ್ಕೇ ಪಡೆಯಲು ಅವಕಾಶ ಕಲ್ಪಿಸಲಾಯಿತು. ಕರ್ನಾಟಕದಲ್ಲಿ 2000ನೇ ಇಸವಿಯಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವು ಬಸವ ವಸತಿ ಮೊದಲಾದ ಯೋಜನೆಗಳನ್ನು ನಿರ್ವಹಿಸುತ್ತದೆ. ಈ ಯೋಜನೆಗಳ ಗುರಿ ಮುಖ್ಯವಾಗಿ ಹೊಸ ಮನೆಗಳ ನಿರ್ಮಾಣ. ಪಟ್ಟಿಯಲ್ಲಿ ಹೆಸರು ಬರುವವರೆಗಿನ ವರ್ಷಗಳಲ್ಲಿ ಹಳೆಯ ಮನೆಯನ್ನು ಉಳಿಸಿಕೊಳ್ಳುವ ಹೊಣೆ ಕುಟುಂಬದ ಮೇಲೂ ನೆರೆಹೊರೆಯ ಮೇಲೂ ಉಳಿಯುತ್ತದೆ.

ತಾಂತ್ರಿಕ ಸುಧಾರಣೆಗಳು

ಮಣ್ಣಿನ ಕಟ್ಟಡಗಳ ಬಾಳಿಕೆಯನ್ನು ಹೆಚ್ಚಿಸುವ ಸಂಶೋಧನೆಗಳು ಭಾರತದಲ್ಲಿ ನಡೆದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಗ್ರಾಮೀಣ ತಂತ್ರಜ್ಞಾನಗಳ ಪ್ರಯೋಗ ನಡೆಸಿತು. ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿ ತಯಾರಿಸುವ ಸ್ಥಿರೀಕೃತ ಮಣ್ಣಿನ ಇಟ್ಟಿಗೆಗಳು ಈ ಕೇಂದ್ರದ ಕೆಲಸದಿಂದ ಪ್ರಚಾರಕ್ಕೆ ಬಂದವು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಡಾಂಬರು ಬೆರೆಸಿದ, ಮಳೆಗೆ ಸವೆಯದ ಮಣ್ಣಿನ ಗಿಲಾವನ್ನು ರೂಪಿಸಿದೆ. ಮಣ್ಣಿನ ಪದರದ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರೆ ತೆಳುವಾದ ಮಣ್ಣಿನಲ್ಲಿಯೇ ಸೋರಿಕೆ ತಡೆಯಬಹುದಾದ್ದರಿಂದ ಮಾಳಿಗೆಯ ಭಾರವೂ ಕಡಿಮೆಯಾಗುತ್ತದೆ. ಆದರೆ ನೆನೆದ ಮರ ಒಣಗಲು ಗಾಳಿ ಆಡುವಂತಿರಬೇಕು.

ಇತರ ದೇಶಗಳಲ್ಲಿ

ನೆರೆಹೊರೆಯವರು ಕೂಡಿ ಮನೆ ಸರಿಪಡಿಸುವ ರೂಢಿ ಜಗತ್ತಿನ ಹಲವೆಡೆ ಇದೆ. ಜಪಾನಿನ ಶಿರಕವಾ-ಗೊ ಗ್ರಾಮದಲ್ಲಿ ಕಡಿದಾದ ಹುಲ್ಲಿನ ಛಾವಣಿಗಳನ್ನು ‘ಯುಯಿ’ ಎಂಬ ಪರಸ್ಪರ ದುಡಿಮೆಯ ಪದ್ಧತಿಯಿಂದ ಊರಿನವರೆಲ್ಲ ಸೇರಿ ಹೊಸದಾಗಿ ಹೊದಿಸುತ್ತಾರೆ. ಈ ಗ್ರಾಮವು 1995ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಜೆನ್ನೆ ಪಟ್ಟಣದಲ್ಲಿ 1907ರಲ್ಲಿ ಪುನರ್ನಿರ್ಮಾಣವಾದ ಮಣ್ಣಿನ ದೊಡ್ಡ ಮಸೀದಿಗೆ ಪ್ರತಿವರ್ಷ ಊರಿನವರೆಲ್ಲ ಸೇರಿ ಹೊಸ ಗಿಲಾವು ಮಾಡುತ್ತಾರೆ. ಗೌಂಡಿಗಳ ಮಾರ್ಗದರ್ಶನದಲ್ಲಿ ಯುವಕರು ಕೆಸರನ್ನೂ ಹೆಂಗಸರು ನೀರನ್ನೂ ಹೊರುವ ಈ ದಿನ ಅಲ್ಲಿ ಹಬ್ಬದ ದಿನ. ಫಿನ್ಲೆಂಡಿನ ‘ತಾಲ್ಕೋತ್’, ಇಂಡೋನೇಷ್ಯಾದ ‘ಗೋತೊಂಗ್ ರೊಯೊಂಗ್’, ಫಿಲಿಪೀನ್ಸಿನ ‘ಬಯಾನಿಹಾನ್’ ಇಂತಹ ಇತರ ಪದ್ಧತಿಗಳು.

ಅಮೆರಿಕದಲ್ಲಿ 1976ರಲ್ಲಿ ಸ್ಥಾಪನೆಯಾದ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ ಸಂಸ್ಥೆಯು ಸ್ವಯಂಸೇವಕರ ದುಡಿಮೆಯಿಂದ ಮನೆಗಳನ್ನು ಕಟ್ಟುವ ಮತ್ತು ದುರಸ್ತಿ ಮಾಡುವ ಕೆಲಸವನ್ನು ನಡೆಸುತ್ತದೆ. ಭಾರತದಲ್ಲಿ ಅದು 1983ರಿಂದ ಕಾರ್ಯನಿರತವಾಗಿದೆ. ಮನೆ ಪಡೆಯುವ ಕುಟುಂಬವೂ ತನ್ನ ಮತ್ತು ಇತರರ ಮನೆಗಳ ನಿರ್ಮಾಣದಲ್ಲಿ ದುಡಿಯಬೇಕೆಂಬ ಅದರ ನಿಯಮವು ಮುಯ್ಯಿಯ ಕಲ್ಪನೆಗೆ ಹತ್ತಿರವಾದುದು.

ಸಂಸ್ಕೃತಿಯಲ್ಲಿ

ಲಕ್ಷ್ಮೇಶ್ವರಕ್ಕೆ ಹತ್ತಿರದ, ಈಗಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದ ಸಂತಕವಿ ಶಿಶುನಾಳ ಶರೀಫರು (1819–1889) ಸೋರುವ ಮಾಳಿಗೆಯನ್ನು ಅಜ್ಞಾನದಿಂದ ಶಿಥಿಲಗೊಂಡ ಬದುಕಿಗೆ ರೂಪಕವಾಗಿಸಿ ರಚಿಸಿದ ತತ್ವಪದವು ಕರ್ನಾಟಕದಾದ್ಯಂತ ಪ್ರಸಿದ್ಧವಾಗಿದೆ. ಮಾಳಿಗೆ ಸೋರುವುದು, ಅದನ್ನು ಸರಿಪಡಿಸುವವರು ಬೇಕಾಗುವುದು ಈ ಭಾಗದ ಪ್ರತಿ ಮನೆಯ ಅನುಭವವಾಗಿದ್ದುದರಿಂದ ಆ ರೂಪಕವು ವಿವರಣೆಯಿಲ್ಲದೆ ಕೇಳುಗರನ್ನು ಮುಟ್ಟಿತು.

ಇದನ್ನೂ ನೋಡಿ

ಬಾಳೆಹೊಸೂರ
ಗದಗ ಜಿಲ್ಲೆ
ಕಣಗಿನಹಾಳ
ಶ್ರಮದಾನ
ಆಯಗಾರ ಪದ್ಧತಿ
ಶಿಶುನಾಳ ಶರೀಫ